ಉಪಾಧ್ಯರು ಕೊಟ್ಟ ಅನುಮತಿ

ಮಾಧವ ಉಪಾಧ್ಯರಿಗೆ ಪೂರ್ತಿ ಎಚ್ಚರವಿದ್ದಾಗ ಕೇಳಿದ ಮಾತು ನೆನಪಿರುವುದಿಲ್ಲ. ಅರ್ಧ ನಿದ್ದೆಯಲ್ಲಿ ಕಿವಿಗೆ ಬಿದ್ದದ್ದು ಮಾತ್ರ ಅಳಿಸಿಹೋಗುವುದಿಲ್ಲ. ಬರುವಾಗ ಕೊತ್ತಂಬರಿ ಸೊಪ್ಪು ತನ್ನಿ ಎಂದು ಹೆಂಡತಿ ಹೇಳಿದರೆ ಅದು ಲಿಫ್ಟು ಕೆಳಗಿಳಿಯುವಷ್ಟರಲ್ಲಿ ಆವಿಯಾಗಿರುತ್ತದೆ. ತೂಕಡಿಸುತ್ತಿರುವಾಗ ಪಕ್ಕದ ಮನೆಯ ರೇಡಿಯೊದಲ್ಲಿ ಬಂದ ತಲೆಹೊಟ್ಟಿನ ಔಷಧಿಯ ಜಾಹೀರಾತು ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ.

ವಿಮಾ ಕಂಪನಿಯವರು ಅವರನ್ನು ಉಡುಪಿಯಿಂದ ಎತ್ತಿ ಅಹಮದಾಬಾದಿಗೆ ಹಾಕಿದ ಮೇಲೆ ಈ ಗುಣಕ್ಕೆ ಒಳ್ಳೆಯ ಪೋಷಣೆ ಸಿಕ್ಕಿತು. ಬಾಡಿಗೆ ಫ್ಲ್ಯಾಟಿನ ಬಾಲ್ಕನಿಯಲ್ಲಿ, ಆ ಊರಿನ ರೂಢಿಯಂತೆ, ಹಿತ್ತಾಳೆ ಸರಪಳಿಯ ದೊಡ್ಡ ಉಯ್ಯಾಲೆಯೊಂದಿತ್ತು. ಭಾನುವಾರ ಮಧ್ಯಾಹ್ನ ಉಂಡು ಅದರ ಮೇಲೆ ಒರಗಿದರೆ ಆಕಾಶ ಒಂದು ಸಲ ಹತ್ತಿರ ಬರುತ್ತಿತ್ತು, ಒಂದು ಸಲ ದೂರ ಹೋಗುತ್ತಿತ್ತು. ಬೇವಿನ ಮರದ ಗಿಳಿಗಳು, ಕೆಳಗೆ ಸಾಗುವ ಆಟೋಗಳ ಸದ್ದು, ಒಳಗಿನ ಟಿ.ವಿ.ಯ ಮಾತು ಎಲ್ಲವೂ ಒಂದೇ ಹದದಲ್ಲಿ ಕಲಸಿ ಕಿವಿಯೊಳಗೆ ಇಳಿಯುತ್ತಿದ್ದವು. ಅಂಥ ಒಂದು ಮಧ್ಯಾಹ್ನವೇ ತ್ರಿಭುವನ್ ಶೇಠರ ಮಾತು ಅವರೊಳಗೆ ಹೊಕ್ಕದ್ದು.

ತ್ರಿಭುವನ್ ಶೇಠರು ಬರುತ್ತಿದ್ದದ್ದು 'ಸೋನೇ ಕೇ ಜೋಡೇ' ಎಂಬ ಕಾರ್ಯಕ್ರಮದಲ್ಲಿ. ಚಿನ್ನದ ಜೋಡಿಗಳು ಎಂದರ್ಥ. ಭಾರೀ ಶ್ರೀಮಂತ ದಂಪತಿಗಳು ತಮ್ಮ ಬಂಗಲೆಯ ಬಾಗಿಲು ತೆರೆದು ತಾವೆಷ್ಟು ಸುಖವಾಗಿದ್ದೇವೆಂದು ದೇಶಕ್ಕೆ ತೋರಿಸಬೇಕು. ಗಂಡನ ಮುಖದ ಕೆಳಗೆ 'ಉದ್ಯಮಿ' ಎಂದು ಅಕ್ಷರ ಮೂಡುತ್ತಿತ್ತು, ಹೆಂಡತಿಯ ಮುಖದ ಕೆಳಗೆ 'ಉದ್ಯಮಿಯ ಪತ್ನಿ' ಎಂದು. ಸ್ಪರ್ಧೆಗಳೂ ಇದ್ದವು. ಹೆಂಡತಿಯರು ಕಣ್ಣು ಕಟ್ಟಿಕೊಂಡು ಬರೀ ಮುಟ್ಟಿ ತಮ್ಮ ತಮ್ಮ ಗಂಡನ ಬೂಟು ಗುರುತಿಸಬೇಕು. ಗಂಡಂದಿರು ಸೋಫಾದಲ್ಲಿ ಕೂತು ಅಂಕ ಕೊಡಬೇಕು. ಹೆಂಡತಿಯ ಚಪ್ಪಲಿ ಯಾವುದೆಂದು ಯಾವ ಉದ್ಯಮಿಯನ್ನೂ ಯಾರೂ ಕೇಳುತ್ತಿರಲಿಲ್ಲ.

ಶೇಠರ ಹೆಂಡತಿ ಹಲ್ಲಿನ ಡಾಕ್ಟರಿಕೆ ಓದಿದ್ದವಳು. ಈಗ ಕೈಚೀಲದ ಅಂಗಡಿ ಇಟ್ಟಿದ್ದಳು. "ನೀವು ಸುಖವಾಗಿದ್ದೀರಾ?" ಎಂದು ನಿರೂಪಕಿ ಕೇಳಿದಾಗ ಆಕೆ ಗಂಡನ ಕಡೆ ತಿರುಗಿ, "ಇವರನ್ನೇ ಕೇಳಿ" ಎಂದಳು. ಎಂಥ ಅನ್ಯೋನ್ಯತೆ! ಉಪಾಧ್ಯರ ಮುಚ್ಚಿದ ಕಣ್ಣಿನ ಅಂಚು ಒದ್ದೆಯಾಯಿತು. ಆಗ ಶೇಠರು ಮೀಸೆ ಸವರಿ ಹೇಳಿದರು: "ನಾನಂತೂ ಇವಳಿಗೆ ಪೂರಾ ಛೂಟ್ ಕೊಟ್ಟಿದ್ದೇನೆ."

ಛೂಟ್ ಎಂದರೆ ಸ್ವಾತಂತ್ರ್ಯ. ಅಂಗಡಿಗಳಲ್ಲಿ ಹಬ್ಬಕ್ಕೆ ಕೊಡುವ ರಿಯಾಯಿತಿಗೂ ಅದೇ ಹೆಸರು. ಟಿ.ವಿ. ಪಕ್ಕದಲ್ಲಿ ಕೇರಂ ಬೋರ್ಡು ಒರೆಸುತ್ತಿದ್ದ ಉಪಾಧ್ಯರ ಹೆಂಡತಿ ಹೇಮಲತಾ ತಲೆಯೆತ್ತಿ, "ಎಷ್ಟು ಪರ್ಸೆಂಟಂತೆ?" ಎಂದು ಕೇಳಿದರು. ಉಪಾಧ್ಯರಿಗೆ ಅದು ಕೇಳಿಸಲಿಲ್ಲ. ಅವರು ಅಷ್ಟರಲ್ಲಿ ಅಮೃತಶಿಲೆಯ ಮೆಟ್ಟಿಲಿಳಿದು ಯಾರಿಗೋ ಏನನ್ನೋ ದಯಪಾಲಿಸುತ್ತಿದ್ದರು.

ಇಲ್ಲಿ ಕೇರಂ ಬೋರ್ಡಿನ ವಿಷಯ ಹೇಳಬೇಕು. ವರ್ಗದ ಮೇಲೆ ವರ್ಗವಾಗಿ ಬಂದ ಗಂಡನ ಹಿಂದೆ ಊರೂರು ತಿರುಗಿದ ಹೇಮಲತಾ, ಅಹಮದಾಬಾದಿನಲ್ಲಿ ತಾವಿದ್ದ ವಸತಿ ಸೊಸೈಟಿಯ ಕ್ಲಬ್ಬು ಕೋಣೆಯಲ್ಲಿ ಧೂಳು ಹಿಡಿದು ನಿಂತಿದ್ದ ಒಂದು ಬೋರ್ಡು ಕಂಡರು. ಆಡಿದರು. ಮೊದಲು ನೆರೆಯ ವಿಭಾಬೆನ್ (ಅಲ್ಲಿ ಹೆಂಗಸರೆಲ್ಲ ಬೆನ್, ಅಂದರೆ ಅಕ್ಕ) ಜೊತೆ, ಆಮೇಲೆ ಇಡೀ ಸೊಸೈಟಿಯ ಹೆಂಗಸರ ಜೊತೆ, ಕೊನೆಗೆ ಒಬ್ಬರೇ. ಯಾರೂ ಎದುರು ಕೂರಲು ಒಪ್ಪುತ್ತಿರಲಿಲ್ಲ. ಆ ವರ್ಷ ವಡೋದರಾದಲ್ಲಿ ನಡೆದ ಹಿರಿಯ ಮಹಿಳೆಯರ ಪಂದ್ಯದಲ್ಲಿ ಅವರು ಮೊದಲ ಸ್ಥಾನ ಗೆದ್ದು, ಉಡುಗೊರೆಯಾಗಿ ಬಂದ ಮಿಕ್ಸರನ್ನು ಕಂಕುಳಲ್ಲಿ ಇರುಕಿಕೊಂಡು ರೈಲಿಳಿದರು. ಮುಂದೆ ಸೂರತ್ತಿನಲ್ಲಿ ವಯಸ್ಸಿನ ಭೇದವಿಲ್ಲದ ಮುಕ್ತ ಪಂದ್ಯ. ಅದರಲ್ಲಿ ಫೈನಲ್ ಮುಟ್ಟಿದ ಇಬ್ಬರಿಗೆ ರಾಷ್ಟ್ರಮಟ್ಟ.

ಕನ್ನಡ ಸಂಘದವರು ಬಿಡುತ್ತಾರೆಯೇ? ಸನ್ಮಾನ ಇಟ್ಟುಕೊಂಡರು. ಹೋಟೆಲು ನಡೆಸುವ ಅಧ್ಯಕ್ಷ ಕಿಶೋರ ಶೆಟ್ಟರು ಹೇಮಲತಾ ಅವರಿಗೆ ಹೂವಿನ ಹಾರ ಹಾಕಿ, ಉಪಾಧ್ಯರಿಗೆ ಜರತಾರಿ ಪೇಟ ತೊಡಿಸಿದರು. ಆಮೇಲೆ, "ಗೆದ್ದವರ ಪರವಾಗಿ ಅವರ ಯಜಮಾನರು ಎರಡು ಮಾತಾಡ್ತಾರೆ" ಎಂದು ಮೈಕು ತಂದು ಉಪಾಧ್ಯರ ಬಾಯಿಗೆ ಹಿಡಿದರು.

ಪೇಟದ ಬಿಸಿಗೋ, ಶೆಟ್ಟರ ಹೋಟೆಲಿನ ಕಾಶಿ ಹಲ್ವದ ಮಂಪರಿಗೋ, ಉಪಾಧ್ಯರಿಗೆ ಸಭೆ ತೇಲಿದಂತೆ ಕಂಡಿತು. ಒಳಗಿನಿಂದ ಯಾರೋ ಮೀಸೆ ಸವರಿದರು. "ಸಭಿಕರೇ, ಆಡಬೇಡ ಅಂತ ನಾನು ಹೇಳಬಹುದಿತ್ತು. ಹೇಳಲಿಲ್ಲ. ನಾನಂತೂ ಇವಳಿಗೆ ಪೂರ್ತಿ ಅನುಮತಿ ಕೊಟ್ಟಿದ್ದೇನೆ!"

ಗಂಡಸರ ಸಾಲಿನಿಂದ ಚಪ್ಪಾಳೆ ಬಂತು. ಹೆಂಗಸರ ಸಾಲಿನಲ್ಲಿ ಬೀಸಣಿಗೆಗಳು ನಿಂತವು. ಹೇಮಲತಾ ಮುಗುಳ್ನಕ್ಕರು. ಆ ನಗು ನೋಡಿದ ಮಗಳು ವರ್ಷಿಣಿ ಮಾತ್ರ, "ಗಯಾ. ಪಪ್ಪಾ ಗಯಾ" ಎಂದು, ಪಪ್ಪನ ಕಥೆ ಮುಗಿಯಿತೆಂಬಂತೆ, ಗೆಳತಿಯ ಕಿವಿಯಲ್ಲಿ ಪಿಸುಗುಟ್ಟಿದಳು.

ಮರುದಿನ ಬೆಳಿಗ್ಗೆ ಉಪಾಧ್ಯರು ಉಯ್ಯಾಲೆಯಲ್ಲಿ ಪೇಪರು ಹಿಡಿದಿದ್ದರು. ಅಡುಗೆಮನೆಯಿಂದ ದನಿ ಬಂತು.

"ಹೋಯ್, ಹಾಲು ಉಕ್ಕುವ ಹಾಗೆ ಉಂಟು. ಇಳಿಸ್ಲಿಕ್ಕೆ ಅನುಮತಿ ಉಂಟಾ?"

ಉಪಾಧ್ಯರು ಪೇಪರು ಕೆಳಗಿಟ್ಟರು. ಮದುವೆಯಾದಂದಿನಿಂದ ಯಾರೂ ಅವರನ್ನು ಇಂಥದ್ದೇನನ್ನೂ ಕೇಳಿರಲಿಲ್ಲ. ಗಂಟಲು ಸರಿಮಾಡಿಕೊಂಡರು. ಬರೀ 'ಹ್ಞೂಂ' ಎಂದರೆ ಸಂದರ್ಭಕ್ಕೆ ತಕ್ಕದ್ದಲ್ಲ ಎನಿಸಿತು. "ಹೇಮಾ, ಇಂಥ ವಿಷಯದಲ್ಲಿ ನೀನು ಸಂಕೋಚಪಡಬಾರದು. ನಾನು ಸಂತೋಷದಿಂದ..."

ಚೊರ್ ಎಂಬ ಸದ್ದಾಯಿತು. ಹಾಲು ಒಲೆ ತುಂಬಿ ನೆಲಕ್ಕಿಳಿದು ಉಯ್ಯಾಲೆಯವರೆಗೂ ಹರಿದು ಬಂತು.

"ಒರೆಸ್ಲಿಕ್ಕೆ?" ಎಂದರು ಹೇಮಲತಾ, ಕೈ ಕಟ್ಟಿ ನಿಂತು.

ವರ್ಷಿಣಿ ತಡೆಯಲಾರದೆ ಬಂದಳು. "ಪಪ್ಪಾ, ಮಮ್ಮಿ ನಿಮ್ಮ ಮಜಾಕ್ ಮಾಡ್ತಾ ಇದೆ! ಇಷ್ಟೂ ಸಮಜ್ ಆಗಲ್ವಾ?"

"ನಿಂಗೆ ಕನ್ನಡವೇ ಸರಿ ಬರುದಿಲ್ಲ," ಎಂದರು ಉಪಾಧ್ಯರು ಕರುಣೆಯಿಂದ. "ಅನುಮತಿ ಅಂದ್ರೆ ಗೌರವ. ದೊಡ್ಡ ಶಬ್ದ ಅದು."

ಆ ದೊಡ್ಡ ಶಬ್ದ ಅವರನ್ನು ನವರಂಗಪುರದ ಆಫೀಸಿಗೂ ಹಿಂಬಾಲಿಸಿತು. ವಿಭಾಗದ ಮುಖ್ಯಸ್ಥೆ ಸ್ವಾತಿ ಮೇಡಂ ಕರೆದ ಮೀಟಿಂಗಿನಲ್ಲಿ ಎಲ್ಲರೂ ಗಂಭೀರವಾಗಿ ಕೂತಿದ್ದಾಗ ಉಪಾಧ್ಯರ ಫೋನು ಹೊಡೆದುಕೊಂಡಿತು. ಗಾಬರಿಯಲ್ಲಿ ಒತ್ತಬಾರದ ಕಡೆ ಒತ್ತಿ ಸ್ಪೀಕರ್ ಆನ್ ಆಯಿತು.

"ಹೋಯ್, ಒಗ್ಗರಣೆಗೆ ಸಾಸಿವೆ ಹಾಕಿದ್ದೇನೆ. ಸಿಡೀಲಿಕ್ಕೆ ಬಿಡಬಹುದಾ?"

"ಬಿಡು, ಬಿಡು!"

"ಕರಿಬೇವು?"

ಕನ್ನಡ ಬಾರದ ಮೇಡಂ ಏನು ಎತ್ತ ಎಂದು ವಿಚಾರಿಸಿದರು. ಉಪಾಧ್ಯರು ಸ್ವಲ್ಪ ಹೆಮ್ಮೆಯಿಂದಲೇ ಹಿಂದಿಯಲ್ಲಿ ವಿವರಿಸಿದರು: ನಮ್ಮ ಮನೆಯಲ್ಲಿ ನನ್ನ ಅನುಮತಿಯಿಲ್ಲದೆ ಸಾಸಿವೆಯೂ ಸಿಡಿಯುವುದಿಲ್ಲ. ಸ್ವಾತಿ ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಉಪಾಧ್ಯಾಜಿ, ತಮ್ಮ ಅಪ್ಪಣೆಯಾದರೆ ಮೀಟಿಂಗ್ ಮುಂದುವರಿಸಲೇ?" ಎಂದರು. "ಧಾರಾಳವಾಗಿ, ಮೇಡಂ" ಎಂದರು ಉಪಾಧ್ಯರು. ಎಲ್ಲರೂ ಯಾಕೆ ಮೇಜಿನ ಕೆಳಗೆ ಬಗ್ಗಿದರೆಂದು ಅವರಿಗೆ ತಿಳಿಯಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದು ಒಂದು ಮನೆಯ ವಿಷಯವಾಗಿರುತ್ತಿತ್ತು. ಆದರೆ ಎದುರು ಮನೆಯ ವಿಭಾಬೆನ್ ಸಕ್ಕರೆ ಕೇಳಲು ಬಂದವರು, ಹೇಮಲತಾ ಕೊಡುವ ಮೊದಲು ಗಂಡನಿಗೆ ಫೋನು ಮಾಡಿ ಅಪ್ಪಣೆ ಬೇಡಿದ್ದನ್ನು ಕಣ್ಣಾರೆ ನೋಡಿದರು. ಕಾರಣ ಕೇಳಿದರು. ತಿಳಿಯಿತು. ಸಕ್ಕರೆ ಮರೆತು ಕ್ಲಬ್ಬು ಕೋಣೆಗೆ ಓಡಿದರು.

ವಿಭಾಬೆನ್ ಗಂಡ ಹಸ್ಮುಖ್‌ಭಾಯ್ ಸೊಸೈಟಿಯ ಚೇರ್ಮನ್. ವಟ್ವಾದಲ್ಲಿ ಬಣ್ಣದ ಕಾರ್ಖಾನೆ. ಕಾರ್ಖಾನೆಯಲ್ಲಿ ಹುಲಿ, ಮನೆಯಲ್ಲಿ ತನ್ನ ಬನಿಯನ್ ಎಲ್ಲಿದೆಯೆಂದು ತಿಳಿಯದ ಪ್ರಾಣಿ. ಮರುದಿನ ಆತ ತಿಂಡಿ ಮುಗಿಸಿ ಬಿ.ಪಿ. ಮಾತ್ರೆಗೆ ಕೈ ಚಾಚಿದಾಗ ವಿಭಾಬೆನ್ ತಲೆಯ ಮೇಲೆ ಸೆರಗು ಹೊದ್ದು, "ಮಾತ್ರೆ ಎಲ್ಲಿದೆ ಅಂತ ಹೇಳಲು ಅಪ್ಪಣೆಯೇ?" ಎಂದರಂತೆ. "ಹೇಳು" ಎಂದರೆ, "ತೆಗೆಯಲು?" "ತೆಗೆ" ಎಂದರೆ, "ಯಾವ ಕೈಯಿಂದ?" ಆ ಹೊತ್ತಿಗೆ ಬಿ.ಪಿ. ಮಾತ್ರೆಯ ಅಳತೆ ಮೀರಿತ್ತು.

ಒಂದು ವಾರದಲ್ಲಿ ಸೊಸೈಟಿಯ ಯಾವ ಮನೆಯಲ್ಲೂ ಅಪ್ಪಣೆಯಿಲ್ಲದೆ ರೊಟ್ಟಿ ಉಬ್ಬುತ್ತಿರಲಿಲ್ಲ. ಆರ್ಕಿಟೆಕ್ಟ್ ಒಬ್ಬರ ಹೆಂಡತಿ ಬಾಗಿಲು ಬಡಿದ ಅತ್ತೆಯನ್ನು ಒಳಗೆ ಬಿಡಲು ಅನುಮತಿಗಾಗಿ ಕಾದು, ಗಂಡ ಸೈಟಿನಿಂದ ಫೋನೆತ್ತುವವರೆಗೆ ಮುದುಕಿಯನ್ನು ಮೆಟ್ಟಿಲ ಮೇಲೆಯೇ ಕೂರಿಸಿ ಗೌರವದಿಂದ ನೀರು ಕೊಟ್ಟರು. ನೀರು ಕೊಡಲು ಮೊದಲೇ ಅನುಮತಿ ಪಡೆದಿದ್ದರಂತೆ.

ಕೊನೆಗೆ ಒಂದು ಸಂಜೆ ಗಂಡಂದಿರ ನಿಯೋಗ ಉಪಾಧ್ಯರ ಉಯ್ಯಾಲೆಯ ಸುತ್ತ ನೆರೆಯಿತು. ಹಸ್ಮುಖ್‌ಭಾಯ್ ಸರಪಳಿ ಹಿಡಿದು ನಿಲ್ಲಿಸಿದರು.

"ಮಾಧವ್‌ಭಾಯ್, ನಮಗೂ ಮೊದಮೊದಲು ಚಂದ ಕಂಡಿತು. ಈಗ ನಾನು ಕಾರ್ಖಾನೆಯಲ್ಲಿ ಕೆಲಸ ಮಾಡುವುದೋ, ಬೆಂಡೆಕಾಯಿ ಉದ್ದಕ್ಕೆ ಹೆಚ್ಚಬೇಕೋ ಅಡ್ಡಕ್ಕೋ ಅಂತ ತೀರ್ಪು ಕೊಡುವುದೋ? ಹಚ್ಚಿದವರು ನೀವು. ನೀವೇ ಆರಿಸಿ."

ಉಪಾಧ್ಯರೂ ಒಳಗೊಳಗೇ ಬಳಲಿದ್ದರು. ಅನುಮತಿ ಕೊಡುವುದು ಇಷ್ಟು ದುಡಿಮೆಯ ಕೆಲಸವೆಂದು ತ್ರಿಭುವನ್ ಶೇಠರು ಎಲ್ಲಿಯೂ ಹೇಳಿರಲಿಲ್ಲ. ಅವರು ಹೆಂಡತಿಯನ್ನು ಕರೆದು ಎಲ್ಲರೆದುರು ಗಂಭೀರವಾಗಿ ಘೋಷಿಸಿದರು. "ಹೇಮಾ, ಇವತ್ತಿನಿಂದ ನಿಂಗೆ ಎಲ್ಲದಕ್ಕೂ ಒಟ್ಟಿಗೇ ಅನುಮತಿ ಕೊಟ್ಟಿದ್ದೇನೆ. ಇನ್ನು ಕೇಳುದು ಬೇಡ."

"ಅದನ್ನು ವಾಪಸ್ ತಕೊಳ್ಳುವ ಅಧಿಕಾರ ಯಾರಿಗುಂಟು?" ಎಂದರು ಹೇಮಲತಾ.

"ನಂಗೇ. ಕೊಟ್ಟವನು ನಾನಲ್ವಾ?"

"ಹಾಗಾದ್ರೆ ವಾಪಸ್ ತಕೊಂಡಿದ್ದೀರಾ ಇಲ್ವಾ ಅಂತ ದಿನಾ ಬೆಳಿಗ್ಗೆ ಕೇಳ್ಬೇಕಲ್ಲ. ಇವರಿಗೆಲ್ಲ ಚಾ ಮಾಡ್ಲಾ?"

ನಿಯೋಗ ಚಹಾ ಕುಡಿಯದೆ ಎದ್ದುಹೋಯಿತು.

ಸೂರತ್ ಪಂದ್ಯದ ದಿನ ಬೆಳಿಗ್ಗೆ ಹೇಮಲತಾ ಯಾವ ಅನುಮತಿಯನ್ನೂ ಕೇಳಲಿಲ್ಲ. ಸ್ಟ್ರೈಕರನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿ ಹೊರಟರು. ಉಪಾಧ್ಯರು ಹಿಂದೆ ನೀರಿನ ಬಾಟಲಿ ಹಿಡಿದು ನಡೆದರು. ರೈಲಿನಲ್ಲಿ ಕಿಟಕಿಯ ಪಕ್ಕ ಸಿಕ್ಕಿದ್ದೇ ತಡ, ಅವರ ರೆಪ್ಪೆ ಇಳಿಯಿತು. ವಡೋದರಾ ಬಂದದ್ದು ಹೋದದ್ದು ಗೊತ್ತಾಗಲಿಲ್ಲ. ಕನಸಿನಲ್ಲಿ ಶೇಠರ ಬಂಗಲೆ ಬಂತು. ಅಮೃತಶಿಲೆಯ ನೆಲ ನುಣ್ಣಗೆ ಹೊಳೆಯುತ್ತಿತ್ತು, ಅದರ ಮೇಲೆ ಯಾರೋ ಬಿಳಿ ಪೌಡರು ಉದುರಿಸಿದ್ದರು. ಮೂಲೆಗಳಲ್ಲಿ ನಾಲ್ಕು ಬಾವಿಗಳು. ತಾನು ಗುಂಡಗೆ, ಕಪ್ಪಗೆ, ಕಾಲಿಲ್ಲದೆ ನಡುವೆ ಕೂತಿದ್ದೇನೆ. ಪಕ್ಕದಲ್ಲಿ ಹಸ್ಮುಖ್‌ಭಾಯ್, ಅವರೂ ಗುಂಡಗೆ. ದೂರದಲ್ಲಿ, ಮೋಡಗಳಾಚೆ, ಹೇಮಲತಾ ಒಂದು ಕಣ್ಣು ಮುಚ್ಚಿ ಗುರಿ ಹಿಡಿಯುತ್ತಿದ್ದಾರೆ. ಹೆದರಿಕೆಯಾಗಲಿಲ್ಲ. ಬಹಳ ನಿಶ್ಶಬ್ದವಾಗಿತ್ತು. ಆ ಬೆರಳು ಚಿಮ್ಮುವ ಕ್ಷಣಕ್ಕಾಗಿ ಒಂದು ಜನ್ಮವೇ ಕಾಯಬಹುದು ಎನ್ನಿಸುತ್ತಿತ್ತು.

"ಏಳಿ, ಸೂರತ್ ಬಂತು."

ಕತಾರ್‌ಗಾಮಿನ ಒಂದು ಶಾಲೆಯ ಸಭಾಂಗಣದಲ್ಲಿ ಆಟ. ಹೇಮಲತಾ ಕ್ವಾರ್ಟರ್ ಗೆದ್ದರು, ಸೆಮಿ ಗೆದ್ದರು. ಫೈನಲ್ಲಿನಲ್ಲಿ ಎದುರು ಕೂತವಳು ನಮಿತಾ ಎಂಬ ಸೂರತ್ತಿನ ಕಾಲೇಜು ಹುಡುಗಿ. ಗಾಳಿ ಬಂದೀತೆಂದು ಫ್ಯಾನು ನಿಲ್ಲಿಸಿದ್ದರು. ಮೇಲಿನ ಕಿಟಕಿಯಿಂದ ಬಿದ್ದ ಬಿಸಿಲಿನ ಕೋಲಿನಲ್ಲಿ ಪೌಡರಿನ ಕಣಗಳು ಮೆಲ್ಲಗೆ ಈಜುತ್ತಿದ್ದವು. ಇಡೀ ಸಭಾಂಗಣ ನೀರಿನೊಳಗೆ ಮುಳುಗಿದಂತಿತ್ತು.

ಆಟ ಸಮಸಮಕ್ಕೆ ಬಂತು. ಬೋರ್ಡಿನ ಮೇಲೆ ಉಳಿದ ಕಾಯಿಗಳ ನಡುವೆ ಕೆಂಪು ರಾಣಿ ಕೂತಿತ್ತು. ಹೇಮಲತಾ ಅವರ ಸರದಿ. ಅವರು ಸ್ಟ್ರೈಕರಿನ ಮೇಲೆ ಬೆರಳಿಟ್ಟರು. ತೆಗೆದರು. ಮತ್ತೆ ಇಟ್ಟರು. ತಲೆ ಸ್ವಲ್ಪ ಓರೆ ಮಾಡಿದರು.

ಆ ಓರೆ ನೋಟ ಬಿದ್ದದ್ದು ಮೂಲೆಯ ಪಾಕೆಟಿನ ಮೇಲೆ. ಅದರ ನೇರದಲ್ಲೇ, ಎಷ್ಟೋ ಕುರ್ಚಿಗಳ ಹಿಂದೆ, ಉಪಾಧ್ಯರು ಕೂತಿದ್ದರು. ಅವರು ಕುರ್ಚಿಯ ಅಂಚಿಗೆ ಸರಿದರು. ಅಯ್ಯೋ, ಹೇಮಾ ಕಾಯ್ತಾ ಇದ್ದಾಳೆ! ಬೆಳಿಗ್ಗೆಯಿಂದ ಕೇಳಲಿಲ್ಲ, ಈಗ ಕೇಳುತ್ತಿದ್ದಾಳೆ, ಬಾಯಿ ಬಿಡುವಂತಿಲ್ಲ ಪಾಪ, ಕಣ್ಣಲ್ಲೇ ಕೇಳುತ್ತಿದ್ದಾಳೆ! ನಾನು ಕೊಡದೆ ಕೂತರೆ ಹಾಲಿನ ಹಾಗೆ ರಾಣಿಯೂ ಕೈ ತಪ್ಪುತ್ತದೆ!

ಉಪಾಧ್ಯರು ಎದ್ದು ನಿಂತು, ಆ ಮೌನದ ನಡುಮಧ್ಯಕ್ಕೆ, ಉಡುಪಿಯವರೆಗೆ ಕೇಳುವಂತೆ ಕೂಗಿದರು: "ಹೇಮಾ! ರಾಣಿ ತೆಗಿ! ಅನುಮತಿ ಉಂಟು!"

ನಮಿತಾಳ ಕೈಯಿಂದ ಕರವಸ್ತ್ರ ಬಿತ್ತು. ಅಂಪೈರ್ ಮಹಿಳೆ ಗಡಿಯಾರ ನಿಲ್ಲಿಸಿ ಎದ್ದರು. ಆಟಗಾರ್ತಿಗೆ ಹೊರಗಿನಿಂದ ಸೂಚನೆ ಕೊಡುವುದು ದೊಡ್ಡ ಅಪರಾಧ. ಯಾವ ಭಾಷೆಯಲ್ಲಿ ಕೊಟ್ಟರೂ ಅಪರಾಧ.

"ಈ ಭಾಯ್ ನಿಮ್ಮವರೇ?" ಎಂದು ಅಂಪೈರ್ ಹೇಮಲತಾರನ್ನು ಕೇಳಿದರು.

"ಹೌದು."

"ಇವರನ್ನು ಹೊರಗೆ ಹಾಕಬೇಕಾಗುತ್ತದೆ. ನಿಮ್ಮದೇನಾದರೂ ಆಕ್ಷೇಪಣೆ?"

ಹೇಮಲತಾ ಬೋರ್ಡಿನಿಂದ ಕಣ್ಣು ಎತ್ತಲಿಲ್ಲ. "ಇಲ್ಲ," ಎಂದರು. "ನನ್ನ ಅನುಮತಿ ಇದೆ."

ಸಭಾಂಗಣದ ಹೆಂಗಸರು ಯಾಕೆ ನಕ್ಕರೋ, ಅವರಿಗೆ ಈ ಕಥೆಯೇನೂ ಗೊತ್ತಿರಲಿಲ್ಲ. ಆದರೂ ನಕ್ಕರು. ಆ ನಗುವಿನ ನಡುವೆ ಹಾದು ಬಾಗಿಲವರೆಗೆ ನಡೆಯುವಾಗ ಉಪಾಧ್ಯರಿಗೆ ಮೊದಲ ಸಲ ಎಲ್ಲವೂ ಸ್ಪಷ್ಟವಾಗಿ ಕೇಳಿಸಿತು: ಹಾಲು, ಸಾಸಿವೆ, ಕರಿಬೇವು, ಸ್ವಾತಿ ಮೇಡಂ. ಮೇಜಿನ ಕೆಳಗೆ ಬಗ್ಗಿದವರು ಕೂಡ. ಕಿವಿಗಳು ಬಿಸಿಯಾದವು.

ಹೊರಗೆ ಜಗಲಿಯಲ್ಲಿ ಕಾವಲುಗಾರ ತಟ್ಟೆಗೆ ಚಹಾ ಸುರಿದು ಕುಡಿಯುತ್ತಿದ್ದ. ಉಪಾಧ್ಯರು ಮುಚ್ಚಿದ ಬಾಗಿಲಿಗೆ ಕಿವಿಯಿಟ್ಟರು. ಟಕ್. ಮೌನ. ಟಕ್, ಟಕ್. ಬಹಳ ಹೊತ್ತಿನ ಮೌನ. ಆಮೇಲೆ ಚಪ್ಪಾಳೆ. ಕಾವಲುಗಾರ ಬಾಗಿಲು ಸರಿಸಿ ಇಣುಕಿ ಬಂದ.

"ಯಾರು ಗೆದ್ದರು?" ಉಪಾಧ್ಯರು ಅವನಿಗೆ ಅಡ್ಡ ನಿಂತರು.

"ಬೆನ್ ಗೆದ್ದರು."

"ಯಾವ ಬೆನ್?"

"ಇಬ್ಬರೂ ಬೆನ್‌ಗಳೇ ಅಲ್ವಾ ಕಾಕಾ," ಎಂದು ಅವನು ತಟ್ಟೆ ಎತ್ತಿದ.

ಹೇಮಲತಾ ಹೊರಬಂದಾಗ ನಮಿತಾ ಅವರ ತೋಳು ಹಿಡಿದು, ಸೆಮಿಯಲ್ಲಿ ಹೊಡೆದ ಆ ಕಟ್ ಹೇಗೆ ಹೊಡೆದಿರಿ ಆಂಟಿ ಎಂದು ಕೇಳುತ್ತಿದ್ದಳು. ದೊಡ್ಡ ಟ್ರೋಫಿ ಅವಳ ಕೈಯಲ್ಲಿತ್ತು, ಚಿಕ್ಕದು ಹೇಮಲತಾ ಚೀಲದಿಂದ ಇಣುಕುತ್ತಿತ್ತು. ಉಪಾಧ್ಯರಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

"ಹಸಿವಾಗ್ತಾ ಉಂಟು," ಎಂದರು ಹೇಮಲತಾ.

ಬೀದಿಯ ತಿರುವಿನಲ್ಲಿ ಲೋಚೊ ಮಾಡುವವನ ಗಾಡಿ. ಕಡಲೆಬೇಳೆ ರುಬ್ಬಿ ಹಬೆಯಲ್ಲಿ ಬೇಯಿಸಿದ, ಆಕಾರವಿಲ್ಲದ ಮೆತ್ತನೆಯ ಆ ತಿಂಡಿ ಸೂರತ್ತಿನದೇ. ಎಡವಟ್ಟಿಗೂ ಅಲ್ಲಿಯವರು ಲೋಚೊ ಎನ್ನುತ್ತಾರೆ. "ಲೋಚೊ ಎಷ್ಟು?" ಎಂದು ಗಾಡಿಯವನು ಕೇಳಿದ.

"ಒಂದು ಆಗಲೇ ಆಗಿದೆ," ಎಂದರು ಹೇಮಲತಾ ಗುಜರಾತಿಯಲ್ಲಿ. "ಇನ್ನೆರಡು ಕೊಡಿ."

ಉಪಾಧ್ಯರು ಕೈಗೆ ಬಂದ ಎಲೆಯನ್ನು ಗಾಡಿಯ ಅಂಚಿಗಿಟ್ಟರು. "ಹೇಮಾ, ನನ್ನಿಂದ ಆಯ್ತು. ನಾನು ಕೂಗದಿದ್ರೆ ನೀನು ಗೆಲ್ತಿದ್ದಿ. ನನ್ನಿಂದಲೇ ನೀನು ಸೋತದ್ದು."

ಹೇಮಲತಾ ತಿನ್ನುವುದನ್ನು ನಿಲ್ಲಿಸಿದರು. ಇಷ್ಟು ದಿನ ಇಲ್ಲದ ಸಿಟ್ಟು ಆಗ ಅವರ ಮುಖಕ್ಕೆ ಬಂತು.

"ಎಂತದು ನಿಮ್ಮಿಂದ? ರಾಣಿ ತೆಗ್ದೆ ನಾನು, ಅದರ ಹಿಂದೆಯೇ ಹಾಕ್ಬೇಕಾದ ಕವರ್ ಕಾಯಿ ತಪ್ಪಿದ್ದೂ ನಾನು. ಆ ಹುಡುಗಿ ಬಿಡ್ಲಿಲ್ಲ, ಚಂದ ಆಡಿದ್ಲು. ಗೆದ್ರೂ ನಿಮ್ಮಿಂದ, ಸೋತ್ರೂ ನಿಮ್ಮಿಂದ ಅಂದ್ರೆ, ಬೋರ್ಡಿನ ಎದುರು ಕೂತವಳು ಯಾರು ಹಾಗಾದ್ರೆ? ಸೋಲಾದ್ರೂ ನನ್ನದಾಗಿರ್ಲಿ ಮಾರಾಯ್ರೆ."

ಉಪಾಧ್ಯರು ಎಲೆಯನ್ನು ಮತ್ತೆ ಕೈಗೆತ್ತಿಕೊಂಡರು. ತಲೆಯಾಡಿಸಿದರು. ಹೇಮಲತಾ ತಮ್ಮ ಎಲೆಯಲ್ಲಿದ್ದ ಹಸಿರು ಚಟ್ನಿಯನ್ನು ಅವರ ಎಲೆಗೂ ಬಡಿಸಿದರು.

ಸಂಜೆಯ ರೈಲಿನಲ್ಲಿ ಸೀಟು ಸಿಕ್ಕಿತು. ಭರೂಚ್ ಹತ್ತಿರ ನರ್ಮದೆಯ ಸೇತುವೆ ಬಂದಾಗ ನೀರೆಲ್ಲ ಕೇಸರಿಯಾಗಿತ್ತು. ನದಿ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತೆಂದು ತಿಳಿಯುತ್ತಿರಲಿಲ್ಲ. ರೈಲು ತೇಲುತ್ತಿರುವಂತಿತ್ತು. ಫೈನಲ್ ಮುಟ್ಟಿದ್ದರಿಂದ ಇಬ್ಬರಿಗೂ ರಾಷ್ಟ್ರಮಟ್ಟದ ಅವಕಾಶ ಸಿಕ್ಕಿತ್ತು. ಪಂದ್ಯ ಮುಂದಿನ ತಿಂಗಳು ಕಾನ್ಪುರದಲ್ಲಿ. ಉಪಾಧ್ಯರು ಬಹಳ ಹೊತ್ತು ಕೈಬೆರಳು ಹೊಸೆದು ಕೊನೆಗೆ ಕೇಳಿದರು.

"ಹೇಮಾ, ಕಾನ್ಪುರಕ್ಕೆ ನಾನೂ ಬರ್ಲಾ? ಬಾಯಿ ಬಿಡುದಿಲ್ಲ."

ಹೇಮಲತಾ ನದಿ ನೋಡುತ್ತಿದ್ದರು. ಸೇತುವೆ ಮುಗಿಯುವವರೆಗೂ ನೋಡಿದರು. "ನೋಡುವ," ಎಂದರು.

ಕರಾವಳಿಯಲ್ಲಿ ಆ ಮಾತಿಗೆ ಹೌದು ಎಂದೂ ಅರ್ಥವುಂಟು, ಇಲ್ಲ ಎಂದೂ ಅರ್ಥವುಂಟು. ಯಾವುದೆಂದು ಉಪಾಧ್ಯರು ಕೇಳುವಷ್ಟರಲ್ಲಿ ಅವರ ಹೆಗಲ ಮೇಲೆ ಹೆಂಡತಿಯ ತಲೆ ಒರಗಿತು. ಅವರು ಅಲುಗಾಡದೆ ಕೂತರು. ವಡೋದರಾದಲ್ಲಿ ಚಹಾದವನು ಬಂದು ಕಿಟಕಿಯ ಬಳಿ ಕೂಗತೊಡಗಿದಾಗ ತುಟಿಗೆ ಬೆರಳಿಟ್ಟು ತೋರಿಸಿದರು. ನೋಡುವ ಎಂದವರ ಕಣ್ಣು ಮುಚ್ಚಿತ್ತು.